ಎರಡು ಡಿಸ್ಕ್ ಇದ್ದರೆ ಎರಡು ಪ್ರತಿ ಇದ್ದಂತಲ್ಲ

ವೈಫೈ ರೂಟರಿನ ಪಕ್ಕ ಹಗಲೂ ರಾತ್ರಿ ಸಣ್ಣಗೆ ಗುಂಯ್‌ಗುಡುವ ಪೆಟ್ಟಿಗೆಯೊಂದು ಮನೆಗಳಲ್ಲಿ ಈಗ ಅಪರೂಪವಲ್ಲ. ಕೆಲವರು ಅದನ್ನು ನ್ಯಾಸ್ ಎನ್ನುತ್ತಾರೆ, ಕೆಲವರು ಹೋಮ್ ಸರ್ವರ್ ಎನ್ನುತ್ತಾರೆ. ಹಳೆಯ ಡೆಸ್ಕ್‌ಟಾಪಿಗೇ ಲಿನಕ್ಸ್ ಹಾಕಿ ಆ ಕೆಲಸಕ್ಕೆ ಹಚ್ಚಿದವರೂ ಇದ್ದಾರೆ. ಮದುವೆಯ ವಿಡಿಯೊ, ಮಕ್ಕಳ ಫೋಟೊ, ಸ್ಕ್ಯಾನ್ ಮಾಡಿಟ್ಟ ಕ್ರಯಪತ್ರ, ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ತಾಳಮದ್ದಳೆ, ಅಂಗಡಿಯ ಹತ್ತು ವರ್ಷದ ಲೆಕ್ಕ ಎಲ್ಲವೂ ಅದರೊಳಗೆ. ‘ಎರಡು ಡಿಸ್ಕ್ ಹಾಕಿಸಿದ್ದೇನೆ, ಒಂದು ಹೋದರೆ ಇನ್ನೊಂದು ಇದ್ದೇ ಇರುತ್ತದೆ’ ಎಂಬುದು ಅದರ ಒಡೆಯನ ಧೈರ್ಯ. ಎರಡೂ ಹೋದರೆ? ‘ಡೇಟಾ ರಿಕವರಿ ಮಾಡಿಕೊಡುವವರು ಇದ್ದಾರಲ್ಲ’ ಎಂಬ ಎರಡನೇ ಧೈರ್ಯವೂ ಸಿದ್ಧವಾಗಿರುತ್ತದೆ. ಇವೆರಡರಲ್ಲೂ ಅಷ್ಟಿಷ್ಟು ಸತ್ಯವಿದೆ. ಅದರಿಂದಲೇ ಜನ ಮೋಸ ಹೋಗುತ್ತಿರುವುದು. ಕಳೆದ ಡೇಟಾವನ್ನು ಮರಳಿ ಪಡೆಯುವ ಕೆಲಸ ಡಿಸ್ಕ್ ಕೆಟ್ಟ ದಿನ ಶುರುವಾಗುವಂಥದ್ದಲ್ಲ. ಡಿಸ್ಕ್ ಚೆನ್ನಾಗಿರುವಾಗಲೇ ಅದನ್ನು ಒಮ್ಮೆ ಮಾಡಿ ನೋಡಿದವರಿಗೆ ಮಾತ್ರ ಅದು ಕೈಗೆಟಕುತ್ತದೆ ಎಂಬುದು ಈ ಲೇಖನದ ವಾದ.

ಹಾರ್ಡ್ ಡಿಸ್ಕ್ ಎಂದರೆ ತಿರುಗುವ ಯಂತ್ರ. ನುಣುಪಾದ ತಟ್ಟೆಗಳು ನಿಮಿಷಕ್ಕೆ 5,400 ಅಥವಾ 7,200 ಸುತ್ತು ಹಾಕುತ್ತವೆ. ಅವುಗಳ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ, ಸುಮಾರು ತಲೆಗೂದಲಿನ ದಪ್ಪದ ಹತ್ತು ಸಾವಿರದಲ್ಲೊಂದು ಪಾಲಿನಷ್ಟು ಅಂತರದಲ್ಲಿ, ಓದುವ ಬರೆಯುವ ಹೆಡ್ ತೇಲುತ್ತಿರುತ್ತದೆ. ಇಂಥ ಯಂತ್ರ ವರ್ಷಗಟ್ಟಲೆ ಓಡುವುದೇ ದೊಡ್ಡದು; ಎಂದೋ ಒಂದು ದಿನ ಕೈಕೊಟ್ಟರೆ ಅಚ್ಚರಿಪಡುವಂಥದ್ದೇನಿಲ್ಲ. ಸರಾಸರಿ 10 ಲಕ್ಷದಿಂದ 15 ಲಕ್ಷ ಗಂಟೆಗೊಮ್ಮೆ ಮಾತ್ರ ವೈಫಲ್ಯ ಎಂದು ತಯಾರಕರು ಬರೆದುಕೊಳ್ಳುತ್ತಾರೆ. ಆ ಲೆಕ್ಕದ ಪ್ರಕಾರ ವರ್ಷಕ್ಕೆ ನೂರರಲ್ಲಿ ಒಂದು ಡಿಸ್ಕೂ ಕೆಡಬಾರದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ 2007ರಲ್ಲಿ ಸುಮಾರು 1 ಲಕ್ಷ ಡಿಸ್ಕುಗಳ ದಾಖಲೆ ಜಾಲಾಡಿದಾಗ ಕಂಡದ್ದೇ ಬೇರೆ. ವರ್ಷಕ್ಕೆ ಶೇ 2ರಿಂದ 4ರಷ್ಟು ಡಿಸ್ಕುಗಳನ್ನು ಬದಲಿಸುವುದು ಸಾಮಾನ್ಯವಾಗಿತ್ತು, ಕೆಲವೆಡೆ ಅದು ಶೇ 13ರವರೆಗೂ ಹೋಗಿತ್ತು. ಈಚಿನ ಡಿಸ್ಕುಗಳು ಸುಧಾರಿಸಿವೆ, ನಿಜ. ವರ್ಷಕ್ಕೆ ಶೇ 1.5ರಷ್ಟೇ ಕೆಡುತ್ತವೆ ಎಂದು ಇಟ್ಟುಕೊಳ್ಳೋಣ. ಆಗಲೂ ನಾಲ್ಕು ಡಿಸ್ಕಿನ ಪೆಟ್ಟಿಗೆಯಲ್ಲಿ 5 ವರ್ಷದೊಳಗೆ ಒಂದಾದರೂ ಕೆಡುವ ಸಾಧ್ಯತೆ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚೇ.

‘ಕೆಡುವ ಮೊದಲು ಡಿಸ್ಕೇ ಸೂಚನೆ ಕೊಡುತ್ತದಲ್ಲ’ ಎಂದು ಕೇಳುವವರಿದ್ದಾರೆ. ಸ್ಮಾರ್ಟ್ ಎಂಬ ಸ್ವಯಂ ತಪಾಸಣಾ ವ್ಯವಸ್ಥೆ ಪ್ರತಿ ಡಿಸ್ಕಿನಲ್ಲೂ ಇದೆ. ಕೆಟ್ಟ ಸೆಕ್ಟರುಗಳೆಷ್ಟು, ಅವುಗಳ ಬದಲಿಗೆ ಬೇರೆಡೆ ಬರೆದದ್ದೆಷ್ಟು ಎಂಬ ಲೆಕ್ಕವನ್ನು ಅದು ಇಡುತ್ತದೆ. ಆ ಅಂಕಿಗಳು ಏರತೊಡಗಿದರೆ ಖಂಡಿತ ಎಚ್ಚರಾಗಬೇಕು. ಆದರೆ ಗೂಗಲ್ ಕಂಪನಿಯ ಎಂಜಿನಿಯರುಗಳು ತಮ್ಮಲ್ಲಿನ 1 ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಅಧ್ಯಯನ ನಡೆಸಿ, ಅದೂ 2007ರಲ್ಲೇ, ಪ್ರಕಟಿಸಿದ ವರದಿಯಲ್ಲಿ ಎರಡು ಮಾತಿವೆ. ಮೊದಲ ಬಾರಿ ಸ್ಕ್ಯಾನ್ ದೋಷ ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಸಾಯುವ ಸಾಧ್ಯತೆ ಉಳಿದವುಗಳಿಗಿಂತ 39 ಪಟ್ಟು ಹೆಚ್ಚು. ಹಾಗೆಯೇ, ಸತ್ತ ಡಿಸ್ಕುಗಳ ಪೈಕಿ ಶೇ 36ಕ್ಕೂ ಹೆಚ್ಚಿನವು, ತಾಪಮಾನದ ವಿಷಯ ಬಿಟ್ಟರೆ, ಯಾವ ಸುಳಿವನ್ನೂ ಕೊಡದೆಯೇ ಸತ್ತಿದ್ದವು. ಎಂದರೆ ಸುಳಿವು ಸಿಕ್ಕರೆ ನಂಬಬೇಕು, ಸಿಗಲಿಲ್ಲವೆಂದು ನೆಮ್ಮದಿಯಿಂದ ಇರುವಂತಿಲ್ಲ.

ಇನ್ನು ‘ಎರಡು ಡಿಸ್ಕ್’ ಎಂಬ ಧೈರ್ಯಕ್ಕೆ ಬರೋಣ. ಒಂದಕ್ಕಿಂತ ಹೆಚ್ಚು ಡಿಸ್ಕುಗಳನ್ನು ಜೋಡಿಸಿ ಒಂದರ ಕೊರತೆಯನ್ನು ಇನ್ನೊಂದು ತುಂಬುವಂತೆ ಮಾಡುವ ರೇಡ್ ವ್ಯವಸ್ಥೆಗೆ ಆ ಹೆಸರು ಬಂದದ್ದು 1988ರಲ್ಲಿ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ‍್ಯಾಂಡಿ ಕಾಟ್ಜ್ ಬರೆದ ಪ್ರಬಂಧದಿಂದ. ರೇಡ್ ಎಂಬುದು ಕಾರಿನ ಸ್ಟೆಪ್ನಿ ಇದ್ದಂತೆ. ಪಂಕ್ಚರ್ ಆದರೆ ಪ್ರಯಾಣ ನಿಲ್ಲುವುದಿಲ್ಲ. ಕಾರೇ ಕಳುವಾದರೆ ಸ್ಟೆಪ್ನಿಯೂ ಅದರ ಜೊತೆಗೇ ಹೋಗುತ್ತದೆ. ತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಎರಡೂ ಡಿಸ್ಕುಗಳಿಂದ ಅದೇ ಕ್ಷಣ ಅಳಿಯುತ್ತದೆ. ರ‍್ಯಾನ್ಸಮ್‌ವೇರ್ ನುಗ್ಗಿ ಕಡತಗಳಿಗೆ ಬೀಗ ಹಾಕಿದರೆ ಎರಡಕ್ಕೂ ಹಾಕುತ್ತದೆ. ಮಲೆನಾಡಿನಲ್ಲೋ ಕರಾವಳಿಯಲ್ಲೋ ಮಳೆಗಾಲದ ಸಿಡಿಲು ವಿದ್ಯುತ್ ತಂತಿಯ ಮೂಲಕ ಒಳಬಂದರೆ ಡಿಸ್ಕುಗಳನ್ನು ಎಣಿಸಿ ಒಂದನ್ನಷ್ಟೇ ಸುಡುವುದಿಲ್ಲ. 2021ರ ಜೂನಿನಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿಯ ಮೈ ಬುಕ್ ಲೈವ್ ಪೆಟ್ಟಿಗೆಗಳನ್ನು ಜಗತ್ತಿನ ಹಲವೆಡೆ ಯಾರೋ ಅಂತರ್ಜಾಲದ ಮೂಲಕ ಹೊಕ್ಕು, ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿಸಿ, ಖಾಲಿ ಮಾಡಿಬಿಟ್ಟರು. ಎರಡು ಡಿಸ್ಕಿನ ಡ್ಯುಯೊ ಮಾದರಿಯೂ ಅಪಾಯದ ಪಟ್ಟಿಯಲ್ಲಿತ್ತು. ಅಲ್ಲಿ ಒಂದು ಡಿಸ್ಕೂ ಕೆಟ್ಟಿರಲಿಲ್ಲ. ಡೇಟಾ ಮಾತ್ರ ಇರಲಿಲ್ಲ.

ಡಿಸ್ಕೇ ಕೆಡುವ ಸಂದರ್ಭದಲ್ಲೂ ರೇಡ್ ನಾವಂದುಕೊಂಡಷ್ಟು ಗಟ್ಟಿಯಲ್ಲ. ಮನೆಯ ಪೆಟ್ಟಿಗೆಗೆ ಡಿಸ್ಕ್ ಕೊಳ್ಳುವವರು ಸಾಮಾನ್ಯವಾಗಿ ಒಂದೇ ದಿನ, ಒಂದೇ ಅಂಗಡಿಯಲ್ಲಿ, ಒಂದೇ ಮಾದರಿಯವನ್ನು ಕೊಳ್ಳುತ್ತಾರೆ. ಒಂದೇ ಪೆಟ್ಟಿಗೆಯಲ್ಲಿ, ಒಂದೇ ಬಿಸಿಯಲ್ಲಿ, ಒಂದೇ ಕರೆಂಟು ಹೋಗಿಬರುವ ಕಾಟದಲ್ಲಿ ಅವು ಸವೆಯುತ್ತವೆ. ಒಂದು ಸತ್ತಾಗ ಹೊಸದನ್ನು ಹಾಕಿದರೆ, ಉಳಿದ ಹಳೆಯ ಡಿಸ್ಕುಗಳು ತಮ್ಮಲ್ಲಿರುವುದನ್ನೆಲ್ಲ ಮೊದಲಿನಿಂದ ಕೊನೆಯವರೆಗೆ ಎಡೆಬಿಡದೆ ಓದಿಕೊಡಬೇಕು. 8 ಟೆರಾಬೈಟಿನ ಡಿಸ್ಕಿಗೆ ಇದು ಕನಿಷ್ಠ ಅರ್ಧ ದಿನದ ಕೆಲಸ. ವರ್ಷಗಳಿಂದ ಯಾರೂ ಮುಟ್ಟದ ಮೂಲೆಗಳಲ್ಲಿ ಅಡಗಿದ್ದ ಕೆಟ್ಟ ಸೆಕ್ಟರುಗಳು ಹೊರಬೀಳುವುದು ಆಗಲೇ. ಡಿಸ್ಕುಗಳ ವೈಫಲ್ಯಗಳು ಒಂದರಿಂದೊಂದು ಸ್ವತಂತ್ರವಲ್ಲ, ಒಂದರ ಬೆನ್ನಿಗೇ ಇನ್ನೊಂದು ಹೋಗುವ ಸಂಭವ ಲೆಕ್ಕಾಚಾರ ಹೇಳುವುದಕ್ಕಿಂತ ಹೆಚ್ಚು ಎಂಬುದು ಶ್ರೋಡರ್ ಮತ್ತು ಗಿಬ್ಸನ್ ಅವರ 2007ರ ಅಧ್ಯಯನದ ಇನ್ನೊಂದು ಫಲಿತಾಂಶ. ಈ ಗಿಬ್ಸನ್ 1988ರ ರೇಡ್ ಪ್ರಬಂಧದ ಲೇಖಕರಲ್ಲೊಬ್ಬರು ಎಂಬುದನ್ನು ಗಮನಿಸಬೇಕು. ರೇಡ್‌ಗೆ ಅತಿಯಾದ ಭರವಸೆ ಕಟ್ಟಬೇಡಿ ಎನ್ನುವ ಸಾಕ್ಷ್ಯ ಅದನ್ನು ರೂಪಿಸಿದವರ ಕೈಯಿಂದಲೇ ಬಂದಿದೆ. ಹಾಗೆಂದು ರೇಡ್ ಬೇಡವೇ? ಬೇಕು, ಸರ್ವರ್ ನಿಲ್ಲದಿರಲಿ ಎಂಬುದಕ್ಕೆ. ಡೇಟಾ ಉಳಿಯಲಿ ಎಂಬುದಕ್ಕೆ ಬೇರೆಯೇ ಏರ್ಪಾಡು ಬೇಕು.

ರಿಕವರಿಯವರ ಮೇಲಿನ ಭರವಸೆಯನ್ನೂ ಪರೀಕ್ಷಿಸೋಣ. ಅವರ ಕೌಶಲ ದೊಡ್ಡದು, ಅನುಮಾನವಿಲ್ಲ. ಆದರೆ ಡಿಸ್ಕ್ ಅವರ ಕೈ ಸೇರುವ ಹೊತ್ತಿಗೆ ಅದರ ಒಡೆಯನೇ ಅರ್ಧ ಹಾಳು ಮಾಡಿರುತ್ತಾನೆ. ಟಿಕ್ ಟಿಕ್ ಸದ್ದು ಬಂದರೆ ಹೆಡ್ ತನ್ನ ಜಾಗ ಸಿಗದೆ ಪದೇ ಪದೇ ಹುಡುಕುತ್ತಿದೆ ಎಂದೇ ಬಹುಮಟ್ಟಿಗೆ ಅರ್ಥ. ಆಗ ಮಾಡಬೇಕಾದ ಕೆಲಸ ಒಂದೇ, ಕರೆಂಟು ತೆಗೆಯುವುದು. ಜನ ಮಾಡುವುದು ಇದಕ್ಕೆ ತಿರುಗುಮುರುಗು. ಹತ್ತು ಸಲ ಆಫ್ ಆನ್ ಮಾಡುತ್ತಾರೆ. ಮುರಿದ ಹೆಡ್ ಪ್ರತಿ ಸಲವೂ ತಟ್ಟೆಯ ಮೇಲಿನ ಕಾಂತೀಯ ಲೇಪವನ್ನು ಕೆರೆಯುತ್ತದೆ, ಕೆರೆದು ಪುಡಿಯಾದ ಲೇಪವನ್ನು ಯಾವ ಪ್ರಯೋಗಾಲಯವೂ ಓದಲಾರದು. ಡಿಸ್ಕನ್ನು ಫ್ರೀಜರಿನಲ್ಲಿಟ್ಟು ತೆಗೆದರೆ ಓಡುತ್ತದೆ ಎಂಬ ಹಳೆಯ ಉಪಾಯ ಕೇಳಿ ಹಾಗೆ ಮಾಡಿದರೆ, ಹೊರಬಂದ ಡಿಸ್ಕಿನೊಳಗೆ ತೇವ ಹನಿಗಟ್ಟುತ್ತದೆ. ಅದೇ ಮಾದರಿಯ ಇನ್ನೊಂದು ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ತಂದು ಹಾಕಿದರೂ ಈಗಿನ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಆಯಾ ಡಿಸ್ಕಿಗೆಂದೇ ಕಾರ್ಖಾನೆಯಲ್ಲಿ ಹೊಂದಿಸಿದ ಅಳತೆಗಳು ಹಳೆಯ ಬೋರ್ಡಿನ ಚಿಪ್ಪಿನಲ್ಲಿ ಉಳಿದಿರುತ್ತವೆ.

ಇನ್ನೂ ಓದಲು ಬರುವ, ಆದರೆ ತಡವರಿಸುವ ಡಿಸ್ಕಿನ ವಿಷಯದಲ್ಲೂ ಕ್ರಮವೊಂದಿದೆ. ಮೊದಲು ಇಡೀ ಡಿಸ್ಕಿನ ಪಡಿಯಚ್ಚನ್ನು ಇನ್ನೊಂದು ಒಳ್ಳೆಯ ಡಿಸ್ಕಿಗೆ ಇಳಿಸಿಕೊಳ್ಳಬೇಕು, ಆಮೇಲೆ ಏನೇ ಪ್ರಯೋಗ ಮಾಡುವುದಿದ್ದರೂ ಆ ಪಡಿಯಚ್ಚಿನ ಮೇಲೆ ಮಾಡಬೇಕು. ಇದಕ್ಕೆಂದೇ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಅದು ಸುಲಭವಾಗಿ ಓದಲು ಬರುವ ಭಾಗಗಳನ್ನು ಮೊದಲು ಬಾಚಿಕೊಳ್ಳುತ್ತದೆ, ಕೆಟ್ಟ ಜಾಗಗಳನ್ನು ಪಟ್ಟಿ ಮಾಡಿಕೊಂಡು ಮುಂದೆ ಸಾಗುತ್ತದೆ, ಕೊನೆಗೆ ಅವುಗಳತ್ತ ಮರಳುತ್ತದೆ. ಡಿಸ್ಕ್ ನಡುವೆ ನಿಂತರೂ ಪಟ್ಟಿ ಇರುವುದರಿಂದ ಬಿಟ್ಟಲ್ಲಿಂದಲೇ ಮುಂದುವರಿಯಬಹುದು. ಬಹಳ ಮಂದಿ ಇದನ್ನು ಬಿಟ್ಟು ಸಾಯುತ್ತಿರುವ ಡಿಸ್ಕಿನ ಮೇಲೆಯೇ ರಿಪೇರಿ ಆಜ್ಞೆ ಓಡಿಸುತ್ತಾರೆ. ಆ ರಿಪೇರಿ ಡಿಸ್ಕಿನ ಮೇಲೆ ಹೊಸದಾಗಿ ಬರೆಯುತ್ತದೆ, ಮರಳಿ ಸಿಗಬಹುದಾಗಿದ್ದೂ ಆ ಬರಹದಡಿ ಮುಚ್ಚಿಹೋಗುತ್ತದೆ. ಇಷ್ಟೆಲ್ಲ ಎಚ್ಚರ ವಹಿಸಿದರೂ ಮಿತಿ ಇದ್ದೇ ಇದೆ. ಎನ್‌ಕ್ರಿಪ್ಟ್ ಆದ ಡಿಸ್ಕಿನ ಕೀಲಿ ಕಳೆದಿದ್ದರೆ ತಟ್ಟೆ ಹೊಚ್ಚಹೊಸದಿದ್ದರೂ ಏನೂ ಸಿಗದು. ಎಸ್‌ಎಸ್‌ಡಿಯಲ್ಲಿ ಅಳಿಸಿದ ಕಡತದ ಜಾಗವನ್ನು ಟ್ರಿಮ್ ವ್ಯವಸ್ಥೆ ತೆರವು ಮಾಡಿಬಿಟ್ಟರೆ ಅದು ಬಹುತೇಕ ಹೋದಂತೆಯೇ. ಹೆಡ್ ಬದಲಿಸಬೇಕಾದ ಡಿಸ್ಕಿಗೆ ಧೂಳಿಲ್ಲದ ಕೋಣೆ ಬೇಕು, ಅದೇ ಮಾದರಿಯ ದಾನಿ ಡಿಸ್ಕ್ ಬೇಕು. ಹತ್ತಾರು ಸಾವಿರ ರೂಪಾಯಿ ತೆರಬೇಕು. ಆ ಹಣಕ್ಕೆ ಮೊದಲೇ ಎರಡು ಹೊಸ ಡಿಸ್ಕ್ ಬರುತ್ತಿದ್ದವು.

‘ಸರಿ, ನಾನು ಬ್ಯಾಕಪ್ ಇಟ್ಟಿದ್ದೇನೆ’ ಎನ್ನುವವರು ಮುಂದಿನ ಪ್ರಶ್ನೆಗೆ ಉತ್ತರಿಸಬೇಕು: ಅದರಿಂದ ಒಂದು ಕಡತವನ್ನಾದರೂ ಯಾವಾಗ ಮರಳಿ ತೆಗೆದು ನೋಡಿದ್ದೀರಿ? 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಕಂಪನಿಯಲ್ಲಿ ಎಂಜಿನಿಯರೊಬ್ಬರು ತಪ್ಪು ಸರ್ವರಿನಲ್ಲಿ ಅಳಿಸುವ ಆಜ್ಞೆ ಕೊಟ್ಟರು. ತಪ್ಪು ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಗಿಗಾಬೈಟ್ ಡೇಟಾಬೇಸಿನಲ್ಲಿ ಉಳಿದದ್ದು 4.5 ಗಿಗಾಬೈಟ್. ಅವರ ಬಳಿ ಒಂದಲ್ಲ, ಐದು ಬಗೆಯ ಬ್ಯಾಕಪ್ ಏರ್ಪಾಡುಗಳಿದ್ದವು. ದಿನವೂ ನಡೆಯಬೇಕಿದ್ದ ಬ್ಯಾಕಪ್, ತಂತ್ರಾಂಶದ ಆವೃತ್ತಿ ಹೊಂದದೆ, ನಡೆಯುತ್ತಲೇ ಇರಲಿಲ್ಲ. ಅದು ವಿಫಲವಾಯಿತೆಂದು ತಿಳಿಸುವ ಇಮೇಲುಗಳೂ ತಲುಪುತ್ತಿರಲಿಲ್ಲ. ಕೊನೆಗೆ ಕೈಹಿಡಿದದ್ದು ಆರು ಗಂಟೆ ಮುಂಚೆ ಬೇರೊಂದು ಕೆಲಸಕ್ಕೆಂದು ತೆಗೆದಿದ್ದ ಪ್ರತಿ. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ 2021ರ ಡಿಸೆಂಬರಿನಲ್ಲಿ ಆದದ್ದು ಇನ್ನೂ ವಿಚಿತ್ರ. ಬ್ಯಾಕಪ್ ತಂತ್ರಾಂಶದಲ್ಲೇ ನುಸುಳಿದ ದೋಷ ಸೂಪರ್‌ಕಂಪ್ಯೂಟರಿನ ಸಂಗ್ರಹದಿಂದ 77 ಟೆರಾಬೈಟ್, ಅಂದರೆ ಸುಮಾರು 3.4 ಕೋಟಿ ಕಡತಗಳನ್ನು ಅಳಿಸಿಹಾಕಿತು. ಸಂಬಳ ಕೊಟ್ಟು ಪರಿಣತರನ್ನು ಇಟ್ಟುಕೊಂಡ ಸಂಸ್ಥೆಗಳ ಪಾಡೇ ಹೀಗಿರುವಾಗ, ಮೂರು ವರ್ಷದ ಹಿಂದೆ ಒಮ್ಮೆ ಹೊಂದಿಸಿಟ್ಟು ಮರೆತ ಮನೆಯ ಬ್ಯಾಕಪ್ ಓಡುತ್ತಿದೆ ಎಂದು ನಂಬಲು ಆಧಾರವೇನು? ಹಸಿರು ದೀಪ ಉರಿಯುತ್ತಿದ್ದರೆ ಯಂತ್ರಕ್ಕೆ ಕರೆಂಟು ಬರುತ್ತಿದೆ ಎಂದಷ್ಟೇ ತಿಳಿಯುತ್ತದೆ.

ಪ್ರತಿ ಎಲ್ಲಿದೆ ಎಂಬುದೂ ಅಷ್ಟೇ ಮುಖ್ಯ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಕೇಂದ್ರ ಸುಟ್ಟುಹೋಯಿತು. ಕೆಲವು ಗ್ರಾಹಕರು ಹಣ ಕೊಟ್ಟು ಪಡೆದ ಬ್ಯಾಕಪ್ ಕೂಡ ಅದೇ ಕಟ್ಟಡದಲ್ಲಿತ್ತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್‌ನಲ್ಲಿ ಸರ್ಕಾರಿ ಡೇಟಾ ಕೇಂದ್ರಕ್ಕೆ ಬೆಂಕಿ ಬಿದ್ದಾಗ, ಸರ್ಕಾರಿ ನೌಕರರ ಕಡತಗಳಿದ್ದ ಜಿ-ಡ್ರೈವ್ ಎಂಬ ವ್ಯವಸ್ಥೆಯ 858 ಟೆರಾಬೈಟ್ ಬೂದಿಯಾಯಿತು. ಹೊರಗೆ ಪ್ರತಿ ಇರಲಿಲ್ಲ. ಗಾತ್ರ ದೊಡ್ಡದು, ಪ್ರತಿ ತೆಗೆಯುವುದು ಕಷ್ಟ ಎಂಬುದು ಅದಕ್ಕೆ ಕೊಟ್ಟ ಕಾರಣ. ಮನೆಗಳಲ್ಲೂ ಬ್ಯಾಕಪ್ ತಪ್ಪುವುದು ಇದೇ ಕಾರಣಕ್ಕೆ. ಸರ್ವರಿನ ಪಕ್ಕದಲ್ಲೇ, ಅದೇ ಪ್ಲಗ್ ಬೋರ್ಡಿಗೆ ಚುಚ್ಚಿಟ್ಟ ಯುಎಸ್‌ಬಿ ಡಿಸ್ಕನ್ನು ಬ್ಯಾಕಪ್ ಎಂದು ಕರೆಯುವವರು ಕಳ್ಳನಿಗೂ ಬೆಂಕಿಗೂ ಸಿಡಿಲಿಗೂ ಕೆಲಸ ಸುಲಭ ಮಾಡಿಕೊಟ್ಟಿರುತ್ತಾರೆ.

‘ಇಷ್ಟು ತಲೆನೋವು ಯಾಕೆ, ಎಲ್ಲವನ್ನೂ ಕ್ಲೌಡಿಗೆ ಹಾಕಿದರಾಯಿತು’ ಎಂಬ ಆಕ್ಷೇಪಕ್ಕೆ ತೂಕವಿದೆ. ದೊಡ್ಡ ಕಂಪನಿಗಳು ಒಂದು ಕಡತವನ್ನು ಹಲವೆಡೆ ಇಡುತ್ತವೆ. ಅಲ್ಲಿ ಡಿಸ್ಕ್ ಕೆಟ್ಟರೆ ನಮಗೆ ಗೊತ್ತೂ ಆಗುವುದಿಲ್ಲ. ಮನೆಯ ಹೊರಗೊಂದು ಪ್ರತಿ ಇಡಲು ಕ್ಲೌಡ್ ಒಳ್ಳೆಯ ಜಾಗ. ಆದರೆ ಅದೊಂದೇ ಸಾಕು ಎಂದರೆ ಡಿಸ್ಕಿನ ಅಪಾಯವನ್ನು ಖಾತೆಯ ಅಪಾಯದೊಂದಿಗೆ ಅದಲು ಬದಲು ಮಾಡಿಕೊಂಡಂತೆ. ಪಾಸ್‌ವರ್ಡ್ ಕಳೆಯಬಹುದು, ಖಾತೆ ಸ್ಥಗಿತವಾಗಬಹುದು, ತಿಂಗಳ ಚಂದಾ ಕಟ್ಟುತ್ತಿದ್ದವರೇ ಇಲ್ಲವಾಗಬಹುದು. ಜೊತೆಗೆ, ಬಹುಪಾಲು ಜನ ಬಳಸುವುದು ಸಿಂಕ್ ಸೇವೆ. ಫೋನಿನಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಕೆಲವು ದಿನ ಕಸದ ಬುಟ್ಟಿಯಲ್ಲಿದ್ದು ಆಮೇಲೆ ಪೂರ್ತಿ ಹೋಗುತ್ತದೆ. ತಪ್ಪು ಆರು ತಿಂಗಳ ಬಳಿಕ ಗಮನಕ್ಕೆ ಬಂದರೆ ಸಿಂಕ್ ನೆರವಿಗೆ ಬಾರದು.

ಖರ್ಚಿನ ಆಕ್ಷೇಪ ಇನ್ನೊಂದು. ಎಲ್ಲವನ್ನೂ ಮೂರು ಕಡೆ ಇಡುವಷ್ಟು ಹಣ ಎಲ್ಲರ ಬಳಿ ಇಲ್ಲ, ನಿಜ. ಆದರೆ ಎಲ್ಲವನ್ನೂ ಇಡಬೇಕಾಗಿಯೂ ಇಲ್ಲ. 8 ಟೆರಾಬೈಟಿನ ಮನೆಯ ಸರ್ವರನ್ನು ತೆರೆದು ನೋಡಿದರೆ ಬಹುಭಾಗ ಮತ್ತೆ ಎಲ್ಲಾದರೂ ಸಿಗುವ ಸಿನಿಮಾ, ತಂತ್ರಾಂಶ, ಒಂದೇ ಫೋಟೊದ ನಾಲ್ಕು ನಕಲು. ಮತ್ತೆ ಹುಟ್ಟಿಸಲಾಗದ್ದು, ಎಂದರೆ ತಾನೇ ತೆಗೆದ ಚಿತ್ರ, ತಾನೇ ಬರೆದ ಲೆಕ್ಕ, ತೀರಿಹೋದವರ ದನಿ, ಹೆಚ್ಚಿನ ಮನೆಗಳಲ್ಲಿ ಒಂದು ಸಾಧಾರಣ ಡಿಸ್ಕಿನಲ್ಲಿ ಹಿಡಿಯುತ್ತದೆ. ಅದನ್ನು ಬೇರ್ಪಡಿಸುವುದೇ ಮೊದಲ ಕೆಲಸ. ಆಮೇಲೆ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಸೂತ್ರ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಮನೆಯಿಂದಾಚೆ. ಆಚೆ ಎಂದರೆ ಪರದೇಶವೇ ಆಗಬೇಕಿಲ್ಲ. ಶಿರಸಿಯವರ ಪ್ರತಿ ಬೆಂಗಳೂರಿನ ಮಗಳ ಮನೆಯಲ್ಲಿ, ಅವಳದ್ದು ಶಿರಸಿಯಲ್ಲಿ ಇದ್ದರೆ ಸಾಕು.

ಈ ಬುದ್ಧಿ ಕನ್ನಡಕ್ಕೆ ಹೊಸದೇನೂ ಅಲ್ಲ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಓಲೆ ಪ್ರತಿಗಳನ್ನು ಮಾಡಿಸಿ ಹಂಚಿದಳೆಂದು ಸಾಹಿತ್ಯ ಚರಿತ್ರೆ ಹೇಳುತ್ತದೆ. ಶಾಂತಿಪುರಾಣ ಇಂದಿಗೂ ನಮ್ಮ ಕೈಯಲ್ಲಿದೆ. ಅದೇ ಪೊನ್ನ ಬರೆದನೆನ್ನಲಾದ ಭುವನೈಕರಾಮಾಭ್ಯುದಯ ನಮಗೆ ಸಿಕ್ಕಿಲ್ಲ. ಇದಕ್ಕೆ ಪ್ರತಿಗಳ ಸಂಖ್ಯೆಯೊಂದೇ ಕಾರಣ ಎನ್ನಲಾಗದು. ಆದರೆ ಓಲೆಗರಿಗೆ ಗೆದ್ದಲು ಹಿಡಿಯುತ್ತದೆ ಎಂದು ಗೊತ್ತಿದ್ದ ಕಾಲದವರು ಗೆದ್ದಲು ಬಿದ್ದ ಮೇಲೆ ಅಕ್ಷರ ಮರಳಿಸುವ ವಿದ್ಯೆಯನ್ನು ನೆಚ್ಚಿ ಕೂರಲಿಲ್ಲ. ಪ್ರತಿ ಮಾಡಿ ಬೇರೆ ಬೇರೆ ಊರುಗಳಿಗೆ ಕಳಿಸಿದರು. ಓಲೆಯ ಪ್ರತಿಯಲ್ಲಿ ಇನ್ನೊಂದು ಅನುಕೂಲವೂ ಇತ್ತು. ಪ್ರತಿ ಮಾಡುವವನು ಓದಿಯೇ ಬರೆಯಬೇಕಿತ್ತು. ಮೂಲ ಎಲ್ಲಿ ಸವೆದಿದೆ ಎಂಬುದು ಅವನ ಕಣ್ಣಿಗೆ ಬೀಳುತ್ತಿತ್ತು. ಯಂತ್ರ ಓದದೆಯೇ ನಕಲು ಮಾಡುವುದರಿಂದ ಆ ಪರೀಕ್ಷೆಯನ್ನು ಈಗ ನಾವು ಬೇರೆಯಾಗಿ ಮಾಡಬೇಕಾಗಿದೆ.

ಆ ಪರೀಕ್ಷೆ ಹೇಗೆ? ವರ್ಷಕ್ಕೆರಡು ಸಲ, ಸರ್ವರನ್ನು ಆಫ್ ಮಾಡಿ, ಅದು ಇಲ್ಲವೆಂದೇ ತಿಳಿದು, ಬೇರೊಂದು ಲ್ಯಾಪ್‌ಟಾಪಿನಲ್ಲಿ ಪ್ರತಿಯಿಂದ ಕಡತಗಳನ್ನು ತೆಗೆಯಬೇಕು. ಹತ್ತು ವರ್ಷ ಹಿಂದಿನ ಒಂದು ಫೋಟೊ, ಕಳೆದ ವಾರದ ಒಂದು ಲೆಕ್ಕ, ಒಂದು ದೊಡ್ಡ ವಿಡಿಯೊ. ಹೆಸರು ಕಂಡರೆ ಸಾಲದು. ತೆರೆಯಬೇಕು, ವಿಡಿಯೊ ಕೊನೆಯವರೆಗೆ ಓಡಬೇಕು. ಎನ್‌ಕ್ರಿಪ್ಟ್ ಮಾಡಿದ್ದರೆ ಕೀಲಿ ಎಲ್ಲಿದೆ ಎಂಬುದು ಆಗಲೇ ಗೊತ್ತಾಗುತ್ತದೆ; ಕೀಲಿ ಬರೆದಿಟ್ಟ ಕಡತ ಅದೇ ಸರ್ವರಿನೊಳಗಿದ್ದರೆ ಅದೂ ಆಗಲೇ ಬಯಲಾಗುತ್ತದೆ. ಈ ಕೆಲಸವನ್ನು ಸರ್ವರ್ ಕಟ್ಟಿದವರಲ್ಲ, ಮನೆಯ ಇನ್ನೊಬ್ಬರು ಕಾಗದದ ಮೇಲಿನ ಸೂಚನೆ ಓದಿಕೊಂಡು ಮಾಡಲಿ. ಬಹುತೇಕ ಮನೆಗಳಲ್ಲಿ ಈ ಪೆಟ್ಟಿಗೆಯ ಒಳಹೊರಗು ಬಲ್ಲವರು ಒಬ್ಬರೇ. ಡಿಸ್ಕಿನಂತೆ ಅವರೂ ಒಂದು ದಿನ ಲಭ್ಯವಿರುವುದಿಲ್ಲ.

ಈ ಮಾತು ಮನೆಗಳಿಗಷ್ಟೇ ಅಲ್ಲ. ಹಸ್ತಪ್ರತಿ, ಹಳೆಯ ಪತ್ರಿಕೆ, ಜಾನಪದ ಧ್ವನಿಮುದ್ರಣಗಳನ್ನು ಡಿಜಿಟಲೀಕರಿಸುತ್ತಿರುವ ಸಣ್ಣ ಸಂಘ, ಗ್ರಂಥಾಲಯ, ಮಠಗಳಲ್ಲೂ ಕೊನೆಗೆ ಎಲ್ಲ ಬಂದು ನಿಲ್ಲುವುದು ಇಂಥದೇ ಒಂದು ಪೆಟ್ಟಿಗೆಯಲ್ಲಿ. ಎಷ್ಟು ಲಕ್ಷ ಪುಟ ಸ್ಕ್ಯಾನ್ ಆಯಿತು ಎಂಬ ಲೆಕ್ಕ ಕೇಳಿ ಅನುದಾನ ಕೊಡುವವರು, ಬೇರೆ ಊರಿನಲ್ಲಿಟ್ಟ ಪ್ರತಿಯಿಂದ ಎಷ್ಟು ಪುಟ ತೆರೆದು ತೋರಿಸುತ್ತೀರಿ ಎಂದೂ ಕೇಳಬೇಕು. ತೋರಿಸದಿದ್ದರೆ ಮುಂದಿನ ಕಂತು ತಡೆಹಿಡಿಯಲಿ. ಪೆಟ್ಟಿಗೆ ಮಾರುವ ಅಂಗಡಿಗಳು ‘ಎರಡು ಡಿಸ್ಕ್ ಇದೆ, ಡೇಟಾ ಸೇಫ್’ ಎಂಬ ಭರವಸೆಯನ್ನು ಕೈಬಿಟ್ಟು, ಮೂರನೆಯ ಡಿಸ್ಕನ್ನು ಬೇರೆಡೆ ಇಡಿ ಎಂದು ಹೇಳಲಿ; ಅವರಿಗೂ ಒಂದು ಡಿಸ್ಕ್ ಹೆಚ್ಚು ವ್ಯಾಪಾರವಾಗುತ್ತದೆ. ಡೇಟಾ ರಿಕವರಿಯವರ ವಿದ್ಯೆಗೆ ಗೌರವವಿರಲಿ, ಆದರೆ ಅದು ತುರ್ತು ಚಿಕಿತ್ಸೆ; ಬದುಕುವ ಯೋಜನೆಯನ್ನು ಯಾರೂ ತುರ್ತು ಚಿಕಿತ್ಸಾ ಘಟಕದ ಮೇಲೆ ಹಾಕಿಕೊಳ್ಳುವುದಿಲ್ಲ. ಹೊಸ ಡಿಸ್ಕ್ ಕೊಳ್ಳಲು ಎತ್ತಿಟ್ಟ ಹಣವಿದ್ದರೆ ಅದನ್ನು ಸರ್ವರಿನ ಖಾಲಿ ಸ್ಲಾಟಿಗೆ ಹಾಕುವ ಬದಲು ಇನ್ನೊಂದು ಮನೆಗೆ ಕಳಿಸುವುದು ಲೇಸು. ಈ ಭಾನುವಾರದ ಒಂದು ಗಂಟೆಯನ್ನು ಅಲ್ಲಿಂದ ಮೂರು ಕಡತ ತೆರೆದು ನೋಡಲು ಕೊಡುವುದು ಅದಕ್ಕಿಂತಲೂ ಲೇಸು.